ದುಬೈಯಲ್ಲಿ ಕಂಪನಿ ಬದಲಿಸುವವರಿಗೆ ‘ಬ್ಯಾನ್’ ಭಯ ಎಷ್ಟು ನಿಜ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ದುಬೈಯಲ್ಲಿ ಕಟ್ಟಡ ಸಾಮಗ್ರಿ ಮಾರುವ ಕಂಪನಿಯೊಂದರಲ್ಲಿ ಅಕೌಂಟೆಂಟ್ ಆಗಿ ಸೇರಿ 3 ವರ್ಷ 4 ತಿಂಗಳಾಯಿತು. ಮೂಲ ವೇತನ 3,600 ದಿರ್ಹಮ್, ಭತ್ಯೆಗಳು ಸೇರಿ 6,000. ಎರಡು ವರ್ಷದ ಕರಾರು ಒಮ್ಮೆ ನವೀಕರಣಗೊಂಡಿದ್ದು, ಅದರಲ್ಲಿ ಇನ್ನೂ 8 ತಿಂಗಳು ಬಾಕಿ ಇದೆ. ನೋಟಿಸ್ ಅವಧಿ 60 ದಿನ. ಶಾರ್ಜಾದಲ್ಲಿ ಇದೇ ವ್ಯಾಪಾರದ ಇನ್ನೊಂದು ಕಂಪನಿ 8,000 ದಿರ್ಹಮ್ ಕೊಡುವುದಾಗಿ ಹೇಳಿ, ಒಂದೇ ತಿಂಗಳಲ್ಲಿ ಬರಬೇಕೆನ್ನುತ್ತಿದೆ. ಈಗಿನ ಮಾಲೀಕರು, ಬಿಟ್ಟರೆ ಬ್ಯಾನ್ ಹಾಕಿಸುತ್ತೇನೆ, ವೀಸಾ ಖರ್ಚು 8,000 ದಿರ್ಹಮ್ ಕಟ್ಟಬೇಕು, ಪ್ರತಿಸ್ಪರ್ಧಿ ಕಂಪನಿಗೆ ಹೋಗುವಂತಿಲ್ಲ ಎನ್ನುತ್ತಾರೆ. ಪಾಸ್‌ಪೋರ್ಟ್ ಅವರ ಬಳಿಯೇ ಇದೆ. ಹೆಂಡತಿ, ಮಗು ನನ್ನ ವೀಸಾದಲ್ಲಿದ್ದಾರೆ. ಬ್ಯಾಂಕಿನಲ್ಲಿ ಸಾಲವೂ ಇದೆ. ಅಬುಧಾಬಿಯ ಹೋಟೆಲೊಂದರಲ್ಲಿ ಸೇರಿ ಐದು ತಿಂಗಳಾದ ನನ್ನ ತಮ್ಮನಿಗೂ ಕೆಲಸ ಬದಲಿಸುವ ಆಸೆ ಇದೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಮಾಲೀಕರು ಹೇಳುವ ಬ್ಯಾನ್, ಅಂದರೆ ಹೊಸ ಕೆಲಸದ ಪರವಾನಗಿಗೆ ಬೀಳುವ ತಡೆ, ಕಟ್ಟುಕತೆಯಲ್ಲ, ಆದರೆ ಬಹುಮಟ್ಟಿಗೆ ಹಳೆಯ ಕಾಲದ್ದು. ಯುಎಇಯ (ಸಂಯುಕ್ತ ಅರಬ್ ಎಮಿರೇಟ್ಸ್‌ನ) 1980ರ ಕಾರ್ಮಿಕ ಕಾನೂನು ಜಾರಿಯಲ್ಲಿದ್ದ ದಿನಗಳಲ್ಲಿ ಹಳೆಯ ಕಂಪನಿ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲವೆಂಬ ಪತ್ರ, ಕೊಡದಿದ್ದರೆ ಆರು ತಿಂಗಳು ಹೊಸ ಪರವಾನಗಿ ಸಿಗದೆ ಊರಿಗೆ ಮರಳಿ ಕಾಯುತ್ತಾ ಕುಳಿತವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಮತ್ತು ಆ ನೆನಪೇ ಇಂದಿಗೂ ಕ್ಯಾಂಪಿನಿಂದ ಕ್ಯಾಂಪಿಗೆ ಸಲಹೆಯ ರೂಪದಲ್ಲಿ ಹರಿದಾಡುತ್ತಿದೆ. 2016ರ ಜನವರಿ 1ರಿಂದ ಜಾರಿಗೆ ಬಂದ ಕಾರ್ಮಿಕ ಸಚಿವಾಲಯದ ಆದೇಶಗಳು ಈ ಪದ್ಧತಿಯನ್ನು ಸಡಿಲಿಸಿದವು. ಬಳಿಕ 2021ರ 33ನೆಯ ಫೆಡರಲ್ ಡಿಕ್ರಿ ಕಾನೂನು 2022ರ ಫೆಬ್ರವರಿ 2ರಂದು ಜಾರಿಗೆ ಬಂದು 1980ರ ಕಾನೂನಿನ ಜಾಗವನ್ನು ತೆಗೆದುಕೊಂಡಿತು. ಈ ಕಾನೂನಿನಂತೆ, ಪ್ರೊಬೇಷನ್ ಮುಗಿಸಿದ ಉದ್ಯೋಗಿಯು ಲಿಖಿತ ನೋಟಿಸ್ ಕೊಟ್ಟು, ಆ ಅವಧಿಯನ್ನು ದುಡಿದು ಮುಗಿಸಿ ಬೇರೆ ಕಂಪನಿಗೆ ಹೋಗಲು ಹಳೆಯ ಮಾಲೀಕರ ಅನುಮತಿ ಪತ್ರ ಬೇಕಿಲ್ಲ.

ಹಾಗಾದರೆ ಬ್ಯಾನ್ ಯಾರಿಗೆ ಬೀಳುತ್ತದೆ? ಕರಾರು ಮುಗಿಯುವ ಮೊದಲೇ ನ್ಯಾಯವಾದ ಕಾರಣವಿಲ್ಲದೆ, ಹೇಳದೆ ಕೇಳದೆ ಕೆಲಸ ಬಿಟ್ಟುಹೋದವರಿಗೆ ಕಾನೂನಿನ 50ನೆಯ ವಿಧಿಯಂತೆ ಒಂದು ವರ್ಷ ಬೇರೆ ಕೆಲಸಕ್ಕೆ ಸೇರಲು ಬರುವುದಿಲ್ಲ. ಪ್ರೊಬೇಷನ್ ಅವಧಿಯಲ್ಲಿ ನಿಯಮ ಮೀರಿ ದೇಶ ಬಿಟ್ಟವರಿಗೂ ಒಂದು ವರ್ಷ ಹೊಸ ಪರವಾನಗಿ ಸಿಗುವುದಿಲ್ಲ. ನಿಮ್ಮ ಸ್ಥಿತಿ ಇವೆರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಸೇರದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ.

ಮುಂದುವರಿಯುವ ಮೊದಲು ನಿಮ್ಮ ಕರಾರನ್ನು ಒಮ್ಮೆ ತೆಗೆದು ನೋಡಿ. ಅದು ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯದ, ಅಂದರೆ ಅಲ್ಲಿನವರು ‘ಮೊಹ್ರೆ’ ಎನ್ನುವ ಇಲಾಖೆಯ ಕರಾರಾಗಿದ್ದರೆ ಇಲ್ಲಿ ಬರೆಯುವುದೆಲ್ಲ ನೇರವಾಗಿ ಅನ್ವಯಿಸುತ್ತದೆ. ಜೆಬೆಲ್ ಅಲಿಯಂಥ ಫ್ರೀ ಝೋನ್ (ಪ್ರತ್ಯೇಕ ವ್ಯಾಪಾರ ವಲಯ) ಕಂಪನಿಯಾಗಿದ್ದರೆ ಪರವಾನಗಿಯ ವ್ಯವಹಾರ ಆ ಝೋನಿನ ಪ್ರಾಧಿಕಾರದ ಮೂಲಕ ನಡೆಯುತ್ತದೆ, ಆದರೆ ಕೆಲಸದ ಹಕ್ಕುಗಳ ವಿಷಯದಲ್ಲಿ ಸಾಮಾನ್ಯವಾಗಿ ಫೆಡರಲ್ ಕಾನೂನೇ ಆಧಾರ. ದುಬೈಯ ಹಣಕಾಸು ಕೇಂದ್ರವಾದ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಮಾತ್ರ ತಮ್ಮದೇ ಉದ್ಯೋಗ ಕಾನೂನು ಹೊಂದಿವೆ. ಮನೆಗೆಲಸದವರಿಗೆ ಇರುವ ಕಾನೂನು ಕೂಡ ಬೇರೆ.

ಕರಾರಿನಲ್ಲಿ ಇನ್ನೂ 8 ತಿಂಗಳು ಬಾಕಿ ಇರುವುದು ನಿಮಗೆ ಅಡ್ಡಿಯಲ್ಲ. ಹಳೆಯ ಕಾನೂನಿನಲ್ಲಿ ಅವಧಿ ನಿಗದಿಯಾದ ಕರಾರನ್ನು ನಡುವೆ ಮುರಿದ ಉದ್ಯೋಗಿ ಒಂದೂವರೆ ತಿಂಗಳ ಸಂಬಳದವರೆಗೂ ಪರಿಹಾರ ಕಟ್ಟಬೇಕಾಗುತ್ತಿತ್ತು. ಈಗ ಎಲ್ಲ ಕರಾರುಗಳೂ ಅವಧಿಯ ಕರಾರುಗಳೇ, ಮತ್ತು ಅವುಗಳನ್ನು ನ್ಯಾಯವಾದ ಕಾರಣಕ್ಕಾಗಿ ನೋಟಿಸ್ ಕೊಟ್ಟು ಕೊನೆಗೊಳಿಸಲು ಎರಡೂ ಕಡೆಯವರಿಗೆ ಅವಕಾಶವಿದೆ. ನೋಟಿಸ್ 30 ದಿನಕ್ಕಿಂತ ಕಡಿಮೆಯೂ 90 ದಿನಕ್ಕಿಂತ ಹೆಚ್ಚೂ ಇರುವಂತಿಲ್ಲ. ನಿಮ್ಮ 60 ದಿನ ಈ ಮಿತಿಯೊಳಗೇ ಇರುವುದರಿಂದ ಅದನ್ನು ಪಾಲಿಸಲೇಬೇಕು, ಮತ್ತು ಆ 60 ದಿನಗಳ ಪೂರ್ತಿ ಸಂಬಳ ನಿಮಗೆ ಸಲ್ಲಬೇಕು.

ತೊಡಕು ಇರುವುದು ಶಾರ್ಜಾದವರ ಅವಸರದಲ್ಲಿ. ಅವರ ಮಾತು ಕೇಳಿ 30 ದಿನಕ್ಕೇ ಹೊರಟರೆ ಉಳಿದ 30 ದಿನಗಳಿಗೆ ನೋಟಿಸ್ ಪರಿಹಾರ ಕಟ್ಟಬೇಕಾಗುತ್ತದೆ, ಮತ್ತು ಅದರ ಲೆಕ್ಕ ಮೂಲ ವೇತನದ ಮೇಲಲ್ಲ, ಪೂರ್ತಿ ಸಂಬಳದ ಮೇಲೆ. ನಿಮ್ಮ ಪಾಲಿಗೆ ಅದು 6,000 ದಿರ್ಹಮ್. ಹಣಕ್ಕಿಂತ ದೊಡ್ಡ ಅಪಾಯವೆಂದರೆ, ನೋಟಿಸ್ ಮುಗಿಯದೆ ನೀವು ಕಚೇರಿಗೆ ಹೋಗುವುದನ್ನು ನಿಲ್ಲಿಸಿದರೆ ಮಾಲೀಕರ ಕೈಗೆ ಒಂದು ಆಯುಧ ಸಿಗುತ್ತದೆ: ಏಳು ದಿನಕ್ಕೂ ಹೆಚ್ಚು ಕಾಲ ಒಂದೇ ಸಮನೆ ಗೈರುಹಾಜರಾದವರ ಮೇಲೆ ‘ಅಬ್‌ಸ್ಕಾಂಡಿಂಗ್’, ಅಂದರೆ ಹೇಳದೆ ಪರಾರಿಯಾದರೆಂಬ ದೂರು ದಾಖಲಿಸಲು ಅವರಿಗೆ ದಾರಿ ತೆರೆಯುತ್ತದೆ. ನೋಟಿಸ್ ಅವಧಿಯನ್ನು ಕಡಿಮೆ ಮಾಡಲು ಇಲ್ಲವೇ ಬಿಟ್ಟುಬಿಡಲು ಇಬ್ಬರೂ ಒಪ್ಪಬಹುದೆಂದು ಕಾನೂನೇ ಹೇಳುತ್ತದೆ. ಆ ಒಪ್ಪಿಗೆ ಬರಹದಲ್ಲಿ ಸಿಕ್ಕರೆ ಮಾತ್ರ ಬೇಗ ಹೊರಡಿ. ಸಿಗದಿದ್ದರೆ ಶಾರ್ಜಾದವರಿಗೆ 60 ದಿನ ಬೇಕೆಂದು ಈಗಲೇ ನೇರವಾಗಿ ತಿಳಿಸಿ. ನಿಜವಾಗಿಯೂ ಬೇಕಾದ ಅಕೌಂಟೆಂಟಿಗೆ ಎರಡು ತಿಂಗಳು ಕಾಯದ ಕಂಪನಿಯ ಬಗ್ಗೆ ನನಗಂತೂ ಸ್ವಲ್ಪ ಅನುಮಾನವೇ.

ಆ ಕಂಪನಿ ನಿಮಗೆ ಕೊಟ್ಟಿರುವುದು ಲೆಟರ್‌ಹೆಡ್ ಮೇಲಿನ ಪತ್ರವೋ, ಸಚಿವಾಲಯದ ನಮೂನೆಯ ಅಧಿಕೃತ ಆಫರ್ ಲೆಟರೋ ಎಂಬುದನ್ನು ನೀವು ಬರೆದಿಲ್ಲ. ಇದು ಸಣ್ಣ ವಿಷಯವಲ್ಲ. ಮುಂದೆ ನೋಂದಣಿಯಾಗುವ ಕರಾರು ಈ ಅಧಿಕೃತ ಆಫರಿಗೆ ಹೊಂದಿಕೊಂಡಿರಬೇಕು, ಮತ್ತು ನಾಳೆ ಜಗಳ ಬಂದರೆ ಲೆಕ್ಕಕ್ಕೆ ಬರುವುದು ಅದರಲ್ಲಿರುವ ಅಂಕಿಗಳು. ಲೆಟರ್‌ಹೆಡ್‌ನಲ್ಲಿ 8,000 ಎಂದು ಬರೆದು, ಸಚಿವಾಲಯದ ಕಾಗದದಲ್ಲಿ ಮೂಲ ವೇತನವನ್ನು 2,000ಕ್ಕೆ ಇಳಿಸಿ, ಮಿಕ್ಕಿದ್ದನ್ನು ಭತ್ಯೆಯೆಂದು ತೋರಿಸುವ ಜಾಣ್ಮೆ ಅಪರೂಪದ್ದೇನಲ್ಲ. ತಿಂಗಳ ಕೊನೆಗೆ ಕೈಗೆ ಬರುವ ಹಣ ಅಷ್ಟೇ ಇದ್ದರೂ, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮತ್ತು ಉಳಿದ ರಜೆಯ ಹಣ ಎರಡೂ ಮೂಲ ವೇತನದ ಮೇಲೆ ನಿಂತಿರುವುದರಿಂದ ವರ್ಷಗಳು ಕಳೆದಂತೆ ನಷ್ಟ ಬೆಳೆಯುತ್ತಾ ಹೋಗುತ್ತದೆ. ಆದ್ದರಿಂದ ಅಧಿಕೃತ ಆಫರ್ ಕೈಗೆ ಬಂದು, ಮೂಲ ವೇತನ, ಹುದ್ದೆಯ ಹೆಸರು, ನೋಟಿಸ್ ಅವಧಿ ಓದಿ, ಸಹಿ ಹಾಕಿದ ಮೇಲಷ್ಟೇ ಇಲ್ಲಿ ರಾಜೀನಾಮೆ ಕೊಡಿ.

ರಾಜೀನಾಮೆಯನ್ನು ಬಾಯಲ್ಲಿ ಹೇಳಿದರೆ ಸಾಲದು, ವಾಟ್ಸ್‌ಆ್ಯಪ್ ಸಂದೇಶವನ್ನೂ ನಂಬಿ ಕೂರಬೇಡಿ. ಕಚೇರಿಯ ಇ-ಮೇಲ್‌ನಿಂದ ಕಳುಹಿಸಿ, ನಿಮ್ಮ ಸ್ವಂತ ಇ-ಮೇಲ್‌ಗೂ ಒಂದು ಪ್ರತಿ ಹಾಕಿಕೊಳ್ಳಿ, ಏಕೆಂದರೆ ರಾಜೀನಾಮೆಯ ಮರುದಿನವೇ ಕಚೇರಿಯ ಇ-ಮೇಲ್ ಮುಚ್ಚಿಹೋದ ಪ್ರಸಂಗಗಳಿವೆ. ನೋಟಿಸ್ ಶುರುವಾಗುವ ದಿನಾಂಕ, ಕೊನೆಯ ಕೆಲಸದ ದಿನಾಂಕ ಎರಡನ್ನೂ ಅಂಕಿಯಲ್ಲಿ ನಮೂದಿಸಿ. ಹಾಜರಾತಿಯ ದಾಖಲೆ, ಸಂಬಳ ಜಮೆಯಾದ ಬ್ಯಾಂಕ್ ಹೇಳಿಕೆ, ಕರಾರಿನ ಪ್ರತಿ ಇವುಗಳನ್ನು ಮೊದಲೇ ತೆಗೆದಿಟ್ಟುಕೊಂಡರೆ, ಸುಳ್ಳು ಅಬ್‌ಸ್ಕಾಂಡಿಂಗ್ ದೂರು ಬಂದರೂ ಸಚಿವಾಲಯದಲ್ಲಿ ಅದನ್ನು ಪ್ರಶ್ನಿಸಲು ಆಧಾರವಿರುತ್ತದೆ. ಆದರೆ ಕಂಪನಿಯ ಲೆಕ್ಕಪತ್ರ, ಗ್ರಾಹಕರ ಪಟ್ಟಿ ಮಾತ್ರ ನಿಮ್ಮ ಪೆನ್‌ಡ್ರೈವಿಗೆ ಬರಕೂಡದು. ಯಾಕೆಂದು ಮುಂದೆ ಹೇಳುತ್ತೇನೆ.

ವೀಸಾ ಖರ್ಚಿನ 8,000 ದಿರ್ಹಮ್ ನೀವು ಕೊಡಬೇಕಿಲ್ಲ. ನೇಮಕಾತಿ ಮತ್ತು ಉದ್ಯೋಗಕ್ಕೆ ತಗಲುವ ಖರ್ಚನ್ನು ನೇರವಾಗಿಯೂ ಬಳಸುದಾರಿಯಿಂದಲೂ ಉದ್ಯೋಗಿಯಿಂದ ವಸೂಲಿ ಮಾಡಬಾರದೆಂದು ಕಾನೂನಿನ 6ನೆಯ ವಿಧಿ ಹೇಳುತ್ತದೆ. ಅದಕ್ಕೆ ವಿರುದ್ಧವಾದ ಷರತ್ತಿಗೆ ನೀವು ಸಹಿ ಹಾಕಿದ್ದರೂ ಅದನ್ನು ಸಚಿವಾಲಯದ ಮುಂದೆ ಪ್ರಶ್ನಿಸಬಹುದು. ಸಂಬಳ ಮುಂಗಡ ಪಡೆದಿದ್ದರೆ ಅದು ಬೇರೆ ಲೆಕ್ಕ, ಅದನ್ನು ತೀರಿಸಬೇಕು.

ಪಾಸ್‌ಪೋರ್ಟ್ ವಿಷಯವೂ ಅಷ್ಟೇ ಸ್ಪಷ್ಟ. ಉದ್ಯೋಗಿಯ ಅಧಿಕೃತ ದಾಖಲೆಗಳನ್ನು ಮಾಲೀಕರು ಹಿಡಿದಿಟ್ಟುಕೊಳ್ಳುವುದನ್ನು 13ನೆಯ ವಿಧಿ ನಿಷೇಧಿಸುತ್ತದೆ. ಮೊದಲೆಲ್ಲ ವೀಸಾ ಸ್ಟಾಂಪಿಂಗಿಗೆ ಬೇಕು ಎಂಬ ನೆಪವಾದರೂ ಇತ್ತು; 2022ರಿಂದ ಪಾಸ್‌ಪೋರ್ಟಿನಲ್ಲಿ ವೀಸಾ ಚೀಟಿ ಅಂಟಿಸುವುದನ್ನೇ ನಿಲ್ಲಿಸಿ ಎಮಿರೇಟ್ಸ್ ಐಡಿಯನ್ನೇ ವಾಸದ ದಾಖಲೆಯಾಗಿ ಮಾಡಿರುವುದರಿಂದ ಆ ನೆಪವೂ ಉಳಿದಿಲ್ಲ. ನಮ್ಮ 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಕಂಪನಿಯದ್ದಂತೂ ಅಲ್ಲ. ರಾಜೀನಾಮೆ ಕೊಡುವ ಮುಂಚೆಯೇ, ಮಗುವಿನ ಶಾಲೆ ಅಥವಾ ಬ್ಯಾಂಕಿನ ಕೆಲಸಕ್ಕೆ ಬೇಕೆಂದು ಸೌಮ್ಯವಾಗಿ ಇ-ಮೇಲ್‌ನಲ್ಲಿ ಕೇಳಿ ಪಡೆದುಕೊಳ್ಳುವುದು ಒಳ್ಳೆಯದು. ಕೊಡದಿದ್ದರೆ ಅದೇ ಇ-ಮೇಲ್ ನಿಮ್ಮ ದೂರಿಗೆ ಸಾಕ್ಷಿಯಾಗುತ್ತದೆ. ದುಬೈಯಲ್ಲಿರುವ ನಮ್ಮ ಕಾನ್ಸುಲೇಟಿನ ಆಶ್ರಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ಇಂಥ ವಿಷಯಗಳಿಗೆ ಮಾರ್ಗದರ್ಶನ ಸಿಗುತ್ತದೆ.

ಪ್ರತಿಸ್ಪರ್ಧಿ ಕಂಪನಿಯ ಪ್ರಶ್ನೆಯನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾರೆ. ಉದ್ಯೋಗಿಗೆ ಗ್ರಾಹಕರ ಪರಿಚಯ ಅಥವಾ ವ್ಯಾಪಾರದ ಗುಟ್ಟು ತಿಳಿಯುವಂತಿದ್ದರೆ, ಕೆಲಸ ಬಿಟ್ಟ ಮೇಲೆ ಅವನು ಸ್ಪರ್ಧೆಗಿಳಿಯಬಾರದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಅದಕ್ಕೆ ಅಂಕೆಯೂ ಇದೆ. ಷರತ್ತು ಕರಾರಿನಲ್ಲಿ ಬರಹದಲ್ಲಿರಬೇಕು, ಎಷ್ಟು ಕಾಲ, ಯಾವ ಪ್ರದೇಶ, ಯಾವ ಬಗೆಯ ಕೆಲಸ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು, ಮತ್ತು ಕೆಲಸ ಬಿಟ್ಟ ದಿನದಿಂದ ಎರಡು ವರ್ಷ ಮೀರುವಂತಿಲ್ಲ. ವಿವಾದವಾದರೆ ತನಗೆ ನಷ್ಟವಾಗಿದೆಯೆಂದು ರುಜುವಾತು ಮಾಡುವ ಹೊಣೆ ಮಾಲೀಕರದ್ದು, ಮತ್ತು ಅವರು ಹೋಗಬೇಕಾದದ್ದು ನ್ಯಾಯಾಲಯಕ್ಕೆ. ‘ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು’ ಎಂಬ ಒಂದೇ ಸಾಲು ನಿಮ್ಮ ಕರಾರಿನಲ್ಲಿದ್ದು ಊರು, ಅವಧಿ ಏನೂ ಇಲ್ಲದಿದ್ದರೆ ಅದು ದುರ್ಬಲ ಷರತ್ತು. ಎಲ್ಲವೂ ಸರಿಯಾಗಿ ಬರೆದಿದ್ದರೆ, ಹಳೆಯ ಮಾಲೀಕರು ಲಿಖಿತವಾಗಿ ಒಪ್ಪಿದಲ್ಲಿ ಮೂರು ತಿಂಗಳ ಸಂಬಳದವರೆಗಿನ ಪರಿಹಾರ ಕೊಟ್ಟು ಬಿಡುಗಡೆ ಪಡೆಯುವ ದಾರಿಯನ್ನು 2022ರ ಕಾರ್ಯಕಾರಿ ನಿಯಮಗಳು ತೋರಿಸಿವೆ. ಆ ಹಣವನ್ನು ಹೊಸ ಕಂಪನಿಯೂ ಕೊಡಬಹುದು. ಅಕೌಂಟೆಂಟ್ ಆದ ನಿಮಗೆ ಖರೀದಿ ದರ, ಗ್ರಾಹಕರ ಬಾಕಿ ಎಲ್ಲ ತಿಳಿದಿರುತ್ತದೆ ಎಂದು ಅವರು ವಾದಿಸಬಹುದು. ಪೆನ್‌ಡ್ರೈವಿನ ಮಾತು ಹೇಳಿದ್ದು ಇದಕ್ಕೇ: ತಲೆಯಲ್ಲಿರುವ ಅನುಭವವನ್ನು ಯಾರೂ ಕಸಿಯಲಾರರು, ಆದರೆ ಕದ್ದು ಒಯ್ದ ಒಂದು ಎಕ್ಸೆಲ್ ಫೈಲ್ ಸಿಕ್ಕಿದರೆ ನಿಮ್ಮ ಇಡೀ ವಾದವೇ ಬಿದ್ದುಹೋಗುತ್ತದೆ.

ಇನ್ನು ಹಣದ ಲೆಕ್ಕ. ಒಂದು ವರ್ಷ ಪೂರೈಸಿದ ವಿದೇಶಿ ಉದ್ಯೋಗಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ, ಅನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಗ್ರಾಚ್ಯುಟಿಯಾಗಿ ಸಲ್ಲಬೇಕು, ಒಟ್ಟು ಮೊತ್ತ ಎರಡು ವರ್ಷದ ವೇತನವನ್ನು ಮೀರುವಂತಿಲ್ಲ. ನಿಮ್ಮ ಮೂಲ ವೇತನ 3,600, ಅಂದರೆ ದಿನಕ್ಕೆ 120, ವರ್ಷಕ್ಕೆ 2,520, ಮೂರು ವರ್ಷ ನಾಲ್ಕು ತಿಂಗಳಿಗೆ 8,400 ದಿರ್ಹಮ್. ನೋಟಿಸಿನ 60 ದಿನವೂ ಸೇವೆಯೇ ಆದ್ದರಿಂದ ಇನ್ನು ಸುಮಾರು 420 ಸೇರುತ್ತದೆ. ಸಂಬಳವಿಲ್ಲದ ರಜೆ ಹಾಕಿದ್ದರೆ ಆ ದಿನಗಳನ್ನು ಕಳೆಯಬೇಕು. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಗ್ರಾಚ್ಯುಟಿ ಕಡಿತವಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ, ಅದೂ ಹಳೆಯ ಕಾನೂನಿನ ಪಳೆಯುಳಿಕೆ; ಆಗ ಅವಧಿ ನಿಗದಿಯಿಲ್ಲದ ಕರಾರಿನಲ್ಲಿ ಮೂರರಿಂದ ಐದು ವರ್ಷದೊಳಗೆ ಬಿಟ್ಟವನಿಗೆ ಮೂರರಲ್ಲಿ ಎರಡು ಪಾಲು ಮಾತ್ರ ಸಿಗುತ್ತಿತ್ತು. ಈಗ ಆ ಕಡಿತವಿಲ್ಲ. ಗ್ರಾಚ್ಯುಟಿ, ಬಾಕಿ ಸಂಬಳ, ತೆಗೆದುಕೊಳ್ಳದ ವಾರ್ಷಿಕ ರಜೆಯ ಹಣ ಇವೆಲ್ಲವನ್ನೂ ಕೆಲಸ ಮುಗಿದ 14 ದಿನಗಳೊಳಗೆ ಕೊಡಬೇಕು.

ನಾನು ಇಡೀ ಉತ್ತರದಲ್ಲಿ ಅತ್ಯಂತ ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ನೋಟಿಸ್ ಮುಗಿಯುವ ಹೊತ್ತಿಗೆ ಕಂಪನಿಯ ಪಿಆರ್‌ಒ, ಅಂದರೆ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಸಿಬ್ಬಂದಿ, ನಿಮ್ಮ ಮುಂದೆ ಕ್ಯಾನ್ಸಲೇಷನ್ ಪೇಪರ್ ಇಡುತ್ತಾರೆ. ಕೆಲಸದ ಪರವಾನಗಿ ರದ್ದುಗೊಳಿಸುವ ಈ ಕಾಗದದಲ್ಲಿ, ನನಗೆ ಬರಬೇಕಾದದ್ದೆಲ್ಲ ಬಂದಿದೆ ಎಂಬ ಅರ್ಥದ ಒಂದು ಹೇಳಿಕೆ ಇರುತ್ತದೆ. ಮೊದಲು ಸಹಿ ಹಾಕು, ಹಣ ಮುಂದಿನ ವಾರ ಬ್ಯಾಂಕಿಗೆ ಹಾಕುತ್ತೇವೆ ಎಂಬುದು ಅಲ್ಲಿ ಬಹಳ ಸಲ ಕೇಳಿಬರುವ ಮಾತು. ಬ್ಯಾನ್ ಎಂದರೆ ಹೆದರಿ ನಿದ್ದೆಗೆಡುವ ನಮ್ಮವರು ಈ ಕಾಗದಕ್ಕೆ ಓದದೆಯೇ ಸಹಿ ಹಾಕಿಬಿಡುತ್ತಾರೆ, ಮತ್ತು ನಿಜವಾಗಿ ಕಳೆದುಕೊಳ್ಳುವುದು ಇಲ್ಲಿಯೇ. ಲೆಕ್ಕದ ಹಾಳೆ ಕೇಳಿ ಪಡೆಯಿರಿ, ನಿಮ್ಮ ಲೆಕ್ಕದೊಂದಿಗೆ ತಾಳೆ ನೋಡಿ, ಹಣ ಖಾತೆಗೆ ಬಂದಿದೆಯೆಂದು ಖಚಿತವಾದ ಮೇಲೆ ಸಹಿ ಮಾಡಿ. ಅವರು ಹಣ ಕೊಡದೆ, ಅಥವಾ ಬೇಕೆಂದೇ ಕ್ಯಾನ್ಸಲೇಷನ್ ಮಾಡದೆ ಎಳೆದಾಡಿದರೆ ಸಚಿವಾಲಯಕ್ಕೆ ದೂರು ಕೊಡಿ. 2024ರಿಂದ, 50,000 ದಿರ್ಹಮ್ ಮೀರದ ತಗಾದೆಗಳಲ್ಲಿ ರಾಜಿಯಾಗದಿದ್ದರೆ ಸಚಿವಾಲಯವೇ ತೀರ್ಮಾನ ಕೊಡಬಹುದು. ಅದಕ್ಕಿಂತ ದೊಡ್ಡದಾದರೆ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ, ಮತ್ತು 1,00,000 ದಿರ್ಹಮ್‌ವರೆಗಿನ ದಾವೆಗೆ ಉದ್ಯೋಗಿ ನ್ಯಾಯಾಲಯದ ಶುಲ್ಕ ಕಟ್ಟಬೇಕಿಲ್ಲ. ನಿಮ್ಮ ಮೊತ್ತ ಮೊದಲ ಗುಂಪಿಗೇ ಸೇರುತ್ತದೆ.

ಹಳೆಯ ಪರವಾನಗಿ ರದ್ದಾಗಿ ಹೊಸದು ಕೈಗೆ ಬರುವ ತನಕ ಶಾರ್ಜಾ ಕಂಪನಿಯ ಕುರ್ಚಿಯಲ್ಲಿ ಒಂದು ದಿನವೂ ಕೂರಬೇಡಿ, ಕೆಲಸ ನೋಡಿಕೊಳ್ಳಲೆಂದು ಸುಮ್ಮನೆ ಬಂದು ಹೋಗಿ ಎಂದು ಅವರು ಕರೆದರೂ ಸರಿ. ಪರವಾನಗಿಯಿಲ್ಲದವರನ್ನು ದುಡಿಸಿಕೊಳ್ಳುವ ಕಂಪನಿಗೆ ದಂಡವನ್ನು 2024ರ ತಿದ್ದುಪಡಿ ಏರಿಸಿ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ಎಂದು ನಿಗದಿ ಮಾಡಿದೆ, ಮತ್ತು ತಪಾಸಣೆ ನಡೆದಾಗ ಸಿಕ್ಕಿಬೀಳುವವರು ನೀವೂ ಹೌದು. ವಾಸದ ವೀಸಾ ರದ್ದಾದ ಮೇಲೆ ದೇಶದಲ್ಲಿ ಉಳಿಯಲು ಕೊಡುವ ಕಾಲಾವಕಾಶ ವರ್ಗದಿಂದ ವರ್ಗಕ್ಕೆ ಬೇರೆಯಾಗಿರುವುದರಿಂದ ಕ್ಯಾನ್ಸಲೇಷನ್ ಪತ್ರದಲ್ಲಿ ಮುದ್ರಿತವಾದ ದಿನಾಂಕವನ್ನೇ ನಂಬಿ. ಅದನ್ನು ದಾಟಿದರೆ ದಿನಕ್ಕೆ 50 ದಿರ್ಹಮ್ ಓವರ್‌ಸ್ಟೇ ದಂಡ ಏರುತ್ತಾ ಹೋಗುತ್ತದೆ.

ಹೆಂಡತಿ ಮತ್ತು ಮಗುವಿನ ವೀಸಾ ನಿಮ್ಮ ವೀಸಾಕ್ಕೆ ಕಟ್ಟಿಕೊಂಡಿರುವುದರಿಂದ ನಿಮ್ಮದನ್ನು ರದ್ದುಪಡಿಸುವ ಮೊದಲು ಅವರ ವೀಸಾವನ್ನು ‘ಹೋಲ್ಡ್’ ಮಾಡಿಸುವ, ಅಂದರೆ ರದ್ದಾಗದಂತೆ ತಾತ್ಕಾಲಿಕವಾಗಿ ಹಿಡಿದಿಡುವ ವ್ಯವಸ್ಥೆಯ ಬಗ್ಗೆ ವಲಸೆ ಇಲಾಖೆಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಕುಟುಂಬಕ್ಕೆ ವೀಸಾ ಮಾಡಿಸಲು 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕೆಂಬ ನಿಯಮವನ್ನು ನಿಮ್ಮ ಹೊಸ ಸಂಬಳ ಸುಲಭವಾಗಿ ದಾಟುತ್ತದೆ. ಸಾಲದ ವಿಷಯದಲ್ಲಿ ಒಂದು ಎಚ್ಚರ: ಸಂಬಳದ ಬದಲು ಕೊನೆಯ ಲೆಕ್ಕದ ಹಣ ಬಂದಿದೆಯೆಂದು ಗೊತ್ತಾದೊಡನೆ ಬ್ಯಾಂಕು ಸಾಲದ ಭದ್ರತೆಗೆಂದು ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಇದೆ. ಹೊಸ ಆಫರ್ ಲೆಟರ್ ಹಿಡಿದುಕೊಂಡು ಬ್ಯಾಂಕಿಗೆ ನೀವೇ ಮೊದಲು ಹೋಗಿ ತಿಳಿಸುವುದು ಮತ್ತು ಎರಡು ತಿಂಗಳ ಮನೆಖರ್ಚನ್ನು ಬೇರೆಡೆ ಇಟ್ಟುಕೊಳ್ಳುವುದು ಜಾಣತನ. 2023ರಿಂದ ಕಡ್ಡಾಯವಾದ ನಿರುದ್ಯೋಗ ವಿಮೆಯ ಹಣ ಈ ನಡುವಿನ ದಿನಗಳಿಗೆ ಒದಗುತ್ತದೆಂದು ಎಣಿಸಬೇಡಿ. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಅದು ಸಿಗುವುದಿಲ್ಲ.

ತಮ್ಮನ ವಿಷಯ ಇದರಷ್ಟು ಸಲೀಸಲ್ಲ. ಪ್ರೊಬೇಷನ್ ಗರಿಷ್ಠ ಆರು ತಿಂಗಳು. ಅವನು ಇನ್ನೂ ಅದರೊಳಗಿದ್ದಾನೆ ಎಂದುಕೊಂಡು ಹೇಳುತ್ತೇನೆ. ಈ ಅವಧಿಯಲ್ಲಿ ಆ ದೇಶದಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಕನಿಷ್ಠ ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು, ಮತ್ತು ಅವನನ್ನು ಕರೆತರಲು ಹೋಟೆಲಿನವರು ಮಾಡಿದ ನೇಮಕಾತಿ ಖರ್ಚನ್ನು ಹೊಸ ಕಂಪನಿ ತುಂಬಿಕೊಡಬೇಕು. ತುಂಬಿಕೊಡಬೇಕಾದದ್ದು ಹೊಸ ಕಂಪನಿ, ಅವನಲ್ಲ ಎಂಬುದನ್ನು ಗಮನಿಸಿ. ಬಹಳ ಕಡೆ ಇದನ್ನು ತಿರುಚಿ ಹುಡುಗರ ತಲೆಗೇ ಕಟ್ಟುತ್ತಾರೆ. ಊರಿಗೆ ಹೋಗುತ್ತೇನೆಂದು 14 ದಿನಗಳ ನೋಟಿಸ್ ಕೊಟ್ಟು ಹೊರಟು, ಮೂರು ತಿಂಗಳೊಳಗೆ ಬೇರೆ ಕಂಪನಿಯ ಪರವಾನಗಿಯಲ್ಲಿ ಮರಳಿ ಬಂದರೂ ಆ ಹೊಸ ಕಂಪನಿ ಅದೇ ಖರ್ಚು ಕೊಡಬೇಕಾಗುತ್ತದೆ, ಆದ್ದರಿಂದ ಆ ಒಳದಾರಿಯಿಂದ ಉಳಿತಾಯವೇನೂ ಇಲ್ಲ. ನೋಟಿಸೇ ಇಲ್ಲದೆ ವಿಮಾನ ಹತ್ತಿದರೆ ಒಂದು ವರ್ಷದ ತಡೆ ಖಚಿತ. ಪ್ರೊಬೇಷನ್ ಮುಗಿಯಲು ಒಂದೇ ತಿಂಗಳು ಬಾಕಿ ಇರುವಾಗ, ಕೆಲಸ ಸಹಿಸಲಾಗದಂತೇನೂ ಇಲ್ಲದಿದ್ದರೆ, ಅದನ್ನು ಮುಗಿಸಿ ಕರಾರಿನ ನೋಟಿಸ್ ಕೊಡುವುದು ಅವನಿಗೆ ಲೇಸು. ಆಗ ಹೊಸ ಕಂಪನಿಯವರು ಹೋಟೆಲಿಗೆ ಖರ್ಚು ತುಂಬಿಕೊಡುವ ಪ್ರಶ್ನೆಯೇ ಇರುವುದಿಲ್ಲ, ಅವನನ್ನು ತೆಗೆದುಕೊಳ್ಳಲು ಹಿಂಜರಿಯುವುದೂ ಇಲ್ಲ. ಸಂಬಳವನ್ನೇ ಕೊಡುತ್ತಿಲ್ಲ, ಅಥವಾ ಒಪ್ಪಿದ ಕೆಲಸ ಬಿಟ್ಟು ಬೇರೆಯದನ್ನೇ ಮಾಡಿಸುತ್ತಿದ್ದಾರೆ ಎಂಬಂಥ ಕಾರಣವಿದ್ದರೆ 45ನೆಯ ವಿಧಿಯ ರಕ್ಷಣೆ ಬೇರೆ ಇದೆ. ಹಾಗಿದ್ದಲ್ಲಿ ಅವನು ಕೆಲಸ ಬಿಡುವ ಮುನ್ನ ಸಚಿವಾಲಯಕ್ಕೆ ದೂರು ಕೊಡಲಿ, ಮತ್ತು ತನ್ನ ಕರಾರು, ಸಂಬಳದ ದಾಖಲೆಗಳ ಪ್ರತಿಯೊಂದಿಗೆ ನನಗೆ ವಿವರವಾಗಿ ಬರೆದು ಕಳುಹಿಸಲಿ.